ಕೈಯ ಮಾತು: ಹಾಸನ ಸೀಮೆಯ ಪಂಕ್ತಿ ಮತ್ತು ಸಂತೆಯ ಮರ್ಯಾದೆ

ಹಾಸನ ತಾಲ್ಲೂಕಿನ ಸಾಲಗಾಮೆ ಕಡೆಯ ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವರ ಕೈಗಳನ್ನು ನೋಡಬೇಕು. ಎಲೆಯ ತುದಿ ಉಣ್ಣುವವರ ಎಡಕ್ಕಿರುತ್ತದೆ. ಉಪ್ಪು, ಕೋಸಂಬರಿ, ಪಲ್ಯ ಬಿದ್ದು, ಅನ್ನ ಬಂದರೂ ಯಾರೂ ಕೈ ಹಾಕುವುದಿಲ್ಲ. ತುಪ್ಪ ಬರಬೇಕು, ಸಾಲಿನ ಹಿರಿಯರು ಮೊದಲ ತುತ್ತು ಎತ್ತಬೇಕು. ಸಾಕಾದವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಾರೆ. ಮಾತಾಡಲೇಬೇಕಾದರೆ ‘ಸಾಕು’ ಎನ್ನುತ್ತಾರೆ. ‘ಬೇಡ’ ಎಂದರೆ ಅನ್ನಕ್ಕೆ ಅಗೌರವ. ಬಡಿಸುವವರಿಗೂ ಕಟ್ಟುಪಾಡಿದೆ. ಎಲೆ ಖಾಲಿಯಾಗುವ ಮುಂಚೆಯೇ ಗಮನಿಸಿ ಬರಬೇಕು, ಉಣ್ಣುವವರು ಕೇಳಿ ಹಾಕಿಸಿಕೊಳ್ಳುವಂತೆ ಆಗಬಾರದು.

ಇನ್ನೊಂದು ಕಡೆ, ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆ. ಅಲ್ಲಿಯೂ ಕೈಯದೇ ಕಾರುಬಾರು. ಜೋಡಿ ಎತ್ತಿನ ಹಲ್ಲು, ಸುಳಿ ನೋಡಿ ಆದ ಮೇಲೆ ದಲ್ಲಾಳಿ ಹೆಗಲ ಟವಲು ತೆಗೆದು ತನ್ನ ಕೈಗೂ ಮಾರುವವರ ಕೈಗೂ ಸೇರಿಸಿ ಹೊದಿಸುತ್ತಾನೆ. ಟವಲಿನ ಅಡಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಒಪ್ಪಿಗೆಯಾಗದಿದ್ದರೆ ತಲೆ ಅಲುಗುತ್ತದೆ, ಬೆರಳು ಬದಲಾಗುತ್ತದೆ. ಸುತ್ತ ಹತ್ತು ಜನ ನಿಂತಿದ್ದರೂ ಕೇಳಿದ್ದೆಷ್ಟು, ಹೇಳಿದ್ದೆಷ್ಟು ಎಂಬುದು ಆ ಕೈಗಳಿಗೆ ಮಾತ್ರ ಗೊತ್ತು. ವ್ಯಾಪಾರ ಮುರಿದರೂ ಯಾರ ಮಾನವೂ ಹೋಗುವುದಿಲ್ಲ. ಎತ್ತಿನ ಬೆಲೆಯೂ ಮುಂದಿನ ಗಿರಾಕಿಯ ಕಣ್ಣಲ್ಲಿ ಇಳಿಯುವುದಿಲ್ಲ.

ಈ ಎರಡು ಕೈಗಳಿಗೂ ಬಳ್ಳಿ ಒಂದೇ ಎಂಬುದು ನನ್ನ ವಾದ. ನಾಲ್ಕು ಜನರ ಮುಂದೆ ‘ಬೇಕು’ ಎಂದು ಬಾಯಿಬಿಟ್ಟು ಕೇಳುವ, ‘ಆಗದು’ ಎಂದು ಮುಖಕ್ಕೆ ಹೇಳುವ ಸಂಕಟ ಎದುರಿಗಿರುವವರಿಗೆ ಬರಬಾರದು. ಈ ಸೀಮೆಯ ಶಿಷ್ಟಾಚಾರ ನಿಂತಿರುವುದು ಇದರ ಮೇಲೆ.

ಕರ್ನಾಟಕದ ಊಟದ ರೀತಿನೀತಿ ಹುಡುಕುವವರು ಮೊದಲು ತೆರೆಯುವುದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವನ್ನು. 1130ರ ಸುಮಾರಿನ ಈ ಸಂಸ್ಕೃತ ಗ್ರಂಥದಲ್ಲಿ ಅನ್ನಭೋಗಕ್ಕೂ ತಾಂಬೂಲಭೋಗಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಅಡುಗೆಯ ವಿವರ ಸಮೃದ್ಧವಾಗಿದೆ. ಆದರೆ ಒಂದು ಅರಮನೆಯ ಪುಸ್ತಕ, ಇನ್ನೊಂದು ಪಾಕದ ಪುಸ್ತಕ. ಊರಿನವರು ಊರಿನವರಿಗೆ ಬಡಿಸುವ ಮರ್ಯಾದೆಗೆ ಆಧಾರವನ್ನು ಆಚರಣೆಯಲ್ಲೇ ಹುಡುಕಬೇಕು.

ಅಂಥ ಆಚರಣೆಗಳಲ್ಲಿ ಬಹು ಕಟ್ಟುನಿಟ್ಟಾದದ್ದು ಶ್ರವಣಬೆಳಗೊಳದಲ್ಲಿ ಇಂದಿಗೂ ಕಣ್ಣೆದುರಿಗಿದೆ. ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಮುನಿ ಕೇಳುವುದಿಲ್ಲ, ಕರೆಯುವ ಹೊಣೆ ಗೃಹಸ್ಥರದು. ಕೊಡುವವರು ಪಾಲಿಸಬೇಕಾದ ನಡೆಗೆ ‘ನವಧಾ ಭಕ್ತಿ’ ಎಂದು ಹೆಸರು: ಬರಮಾಡಿಕೊಳ್ಳುವುದು, ಎತ್ತರದ ಆಸನ ಕೊಡುವುದು, ಪಾದ ತೊಳೆಯುವುದು, ಅರ್ಚನೆ, ನಮಸ್ಕಾರ, ಆಮೇಲೆ ಮನಸ್ಸು, ಮಾತು, ಮೈ, ಆಹಾರ ಈ ನಾಲ್ಕರ ಶುದ್ಧಿ. ಒಂಬತ್ತರಲ್ಲಿ ಆಹಾರ ಕೊನೆಯದು. ಅಡುಗೆಯ ರುಚಿಗಿಂತ ಮೊದಲು ಕೊಡುವವರ ಮಾತು ಶುದ್ಧವಾಗಿರಬೇಕೆಂದ ಆ ಕ್ರಮಕ್ಕೆ ನನ್ನ ಮನಸ್ಸು ಮತ್ತೆ ಮತ್ತೆ ಬಾಗುತ್ತದೆ.

ಅದೇ ಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ತೀರ್ಮಾನಿಸಿದ ರಾಯ, ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟನೆಂದು ಅದು ದಾಖಲಿಸುತ್ತದೆ. ತೀರ್ಪಿನ ಮಾತಿನಷ್ಟೇ ಮುತುವರ್ಜಿಯಿಂದ ಆ ಕೈ ಹಿಡಿದದ್ದನ್ನೂ ಕಲ್ಲಿನಲ್ಲಿ ಕೊರೆಸಿದ್ದಾರೆ. ಕೈಗೆ ಕೈ ಕೊಟ್ಟರೆ ಮಾತು ಗಟ್ಟಿ ಎಂಬ ತಿಳಿವಳಿಕೆ ಈ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವರ್ತಕರ ವಿಷಯಕ್ಕೆ ಬಂದರೆ, ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು ವಿಷ್ಣುವರ್ಧನನ ಕಾಲದಲ್ಲಿ, 1114ರ ಸುಮಾರಿಗೆ, ಕಟ್ಟಿಸಿದವರು ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ವ್ಯಾಪಾರಿಗಳಿಗೆ ಅಷ್ಟು ಸಿರಿ, ಅಷ್ಟು ಗೌರವ ಇತ್ತು. ಅವರ ವ್ಯವಹಾರದ ನೀತಿ ನಮಗೆ ಉಳಿದು ಬಂದಿರುವುದು ಬಳಕೆಯ ಮಾತಿನಲ್ಲಿ. ವ್ಯಾಪಾರ ಕುದುರಿದಾಗ ಕೊಡುವ ಮುಂಗಡಕ್ಕೆ ‘ಸಂಚಕಾರ’ ಎನ್ನುತ್ತೇವೆ. ಇದು ಸಂಸ್ಕೃತದ ‘ಸತ್ಯಂಕಾರ’ದ ತದ್ಭವ, ಆಡಿದ್ದನ್ನು ಸತ್ಯ ಮಾಡುವುದು ಎಂದರ್ಥ. ‘ಜೀವಕ್ಕೆ ಸಂಚಕಾರ’ ಎಂಬಲ್ಲಿ ಮಾತ್ರ ಈಗ ಆ ಪದ ಬದುಕಿದೆಯೇನೋ ಎನ್ನುವಂತಾಗಿರುವುದು ನನಗೆ ನಷ್ಟವೆನಿಸುತ್ತದೆ. ರಾಗಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾರೆ. ಹೊಸ್ತಿಲ ಮೇಲೆ ದುಡ್ಡು ಕೊಟ್ಟು ತೆಗೆದುಕೊಳ್ಳುವುದಿಲ್ಲ, ಎಡಗೈಯಲ್ಲಿ ನೀಡುವುದಿಲ್ಲ. ಹೊರಟವರು ‘ಬರ್ತೀನಿ’ ಎನ್ನುತ್ತಾರೆಯೇ ಹೊರತು ‘ಹೋಗ್ತೀನಿ’ ಎನ್ನುವುದಿಲ್ಲ.

ಊಟವನ್ನೂ ವ್ಯವಹಾರವನ್ನೂ ಕೂಡಿಸುವ ಗಂಟು ತಾಂಬೂಲ. ಮನೆಗೆ ಬಂದವರ ಮುಂದೆ ಊಟಕ್ಕೆ ಮೊದಲು ಹಣದ ಮಾತು ಎತ್ತುವುದಿಲ್ಲ. ಕೈ ತೊಳೆದು, ಎಲೆ ಅಡಿಕೆ ತಟ್ಟೆ ನಡುವೆ ಬಂದ ಮೇಲೆಯೇ ಹೊಲದ ಗುತ್ತಿಗೆ, ಸಾಲದ ವಾಯಿದೆ, ಹೆಣ್ಣಿನ ಮಾತು. ಒಪ್ಪಿದರೆ ವೀಳ್ಯ ಬದಲಾಗುತ್ತದೆ. ಹಳಗನ್ನಡ ಕಾವ್ಯಗಳಲ್ಲಿ ದೊರೆ ದಂಡನಾಯಕನಿಗೆ ವೀಳ್ಯ ಕೊಟ್ಟು ಯುದ್ಧಕ್ಕೆ ಕಳಿಸಿದ್ದೂ ಇದೇ ಒಪ್ಪಂದದ ಇನ್ನೊಂದು ರೂಪ.

ಈ ಚರಿತ್ರೆಯನ್ನು ಬರೀ ಹೊಗಳಿ ಬರೆದರೆ ಅದು ಅರ್ಧ ಸುಳ್ಳಾಗುತ್ತದೆ. ಮುಟ್ಟದೆ ಎತ್ತರದಿಂದ ಬೊಗಸೆಗೆ ನೀರು ಹೊಯ್ದದ್ದೂ ಕೈಯೇ. ದಲಿತರನ್ನು ಪಂಕ್ತಿಯಿಂದ ಆಚೆ ಕೂರಿಸಿದ್ದು, ಹೋಟೆಲುಗಳಲ್ಲಿ ಅವರಿಗೆ ಬೇರೆ ಲೋಟ ಇಟ್ಟದ್ದು ಆಗಿನ ಕಾಲಕ್ಕೆ ‘ಮರ್ಯಾದೆ’ ಎಂದೇ ಕರೆಸಿಕೊಂಡಿತು. ಬಾಯಿಬಿಟ್ಟು ಕೇಳುವಂತಾಗಬಾರದು ಎಂಬ ಕಾಳಜಿಯನ್ನು ಅವರ ಮಟ್ಟಿಗೆ ಬಾಯಿಬಿಟ್ಟು ಕೇಳಲೇಬಾರದು ಎಂಬ ಅಪ್ಪಣೆಯಾಗಿ ತಿರುಗಿಸಿದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೋಟೆಲಿನಲ್ಲಿ ಪ್ರವೇಶ ನಿರಾಕರಿಸುವುದನ್ನು ಶಿಕ್ಷಾರ್ಹ ಮಾಡಿತು. ಈ ಸೀಮೆಯ ಊಟದ ಶಿಷ್ಟಾಚಾರದ ಚರಿತ್ರೆಯಲ್ಲಿ ಆ ವರ್ಷಕ್ಕೆ ಶಾಸನಗಳಷ್ಟೇ ತೂಕವಿದೆ.

ಈಗ ಸಾಲಗಾಮೆ ರಸ್ತೆ ಎಂದರೆ 1960ರಲ್ಲಿ ಶುರುವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ನೆನಪಾಗುತ್ತದೆ. ಕೆಲಸಕ್ಕೆ ಹೊರಟ ಮಕ್ಕಳು ಹಸ್ತಲಾಘವ, ವಿಸಿಟಿಂಗ್ ಕಾರ್ಡು, ಫೋರ್ಕು ಹಿಡಿಯುವ ರೀತಿಗಳನ್ನು ಕಲಿಯುತ್ತಾರೆ; ಕಲಿಯಲಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಂಬಾಕು ಮಾರುಕಟ್ಟೆಯಲ್ಲಿ ಬೇಲಿನ ಬೆಲೆ ಬಹಿರಂಗ ಹರಾಜಿನಲ್ಲಿ ನಿಲ್ಲುತ್ತದೆ. ರೈತನಿಗೆ ಅದರಿಂದ ರಕ್ಷಣೆಯೂ ಇದೆ, ಏಕೆಂದರೆ ಟವಲಿನ ಅಡಿ ದಲ್ಲಾಳಿ ಎರಡೂ ಕಡೆಯವರಿಗೆ ಬೇರೆ ಬೇರೆ ಲೆಕ್ಕ ಹೇಳುವುದಕ್ಕೆ ಜಾಗವಿತ್ತು. ಹೊಳೆನರಸೀಪುರದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕಳಿಸಿದರೆ ಗಲ್ಲಾದ ಪಕ್ಕದ ಪೆಟ್ಟಿಗೆ ಮೊತ್ತವನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತದೆ. ಬೂಕನಬೆಟ್ಟದಲ್ಲಿ ಎತ್ತು ಕೊಂಡವರು ಇಂದಿಗೂ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಬೆಲೆ ಹೇಳದೆ, ಮಾರಿದವರನ್ನು ಟೀ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ.