ಹೊಸ ಅಕ್ಕಿಯೂಟ: ವಲಸೆ ಬಂದವರ ಒಂದು ಪರಂಪರೆ

ರಾಗಿಯ ಸೀಮೆಯೆಂದೇ ಹೆಸರಾದ ಬೆಂಗಳೂರಿನಲ್ಲಿ ಸೆಪ್ಟೆಂಬರ್ 8ರಂದು, ಮರಿಯ ಮಾತೆಯ ಜನನೋತ್ಸವದ ದಿನ, ಭತ್ತದ ತೆನೆಗಳನ್ನು ಆಶೀರ್ವದಿಸಿ ಹಂಚುವುದೇಕೆ? ರಾಜಾಜಿನಗರ, ವಿಜಯನಗರ, ಕೆಂಗೇರಿಗಳಲ್ಲಿ ನೆಲೆಸಿರುವ ಮಂಗಳೂರು ಮೂಲದ ಕಥೋಲಿಕರ ಈ 'ಮೊಂತಿ ಹಬ್ಬ'ದ ಹಿಂದೆ ಮೂರು ಪಯಣಗಳ ಇತಿಹಾಸವಿದೆ.

ಮೊದಲನೆಯದು ಗೋವೆಯಿಂದ. 16ನೆಯ ಶತಮಾನದಿಂದ ಮೊದಲ್ಗೊಂಡು ಯುದ್ಧ, ಕ್ಷಾಮ, ತೆರಿಗೆಗಳ ಹೊರೆ ಹಾಗೂ 1560ರಲ್ಲಿ ಅಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ನಿನ ಭೀತಿಯಿಂದ ಕೊಂಕಣಿ ಕ್ರೈಸ್ತರು ಕೆನರಾ ಕರಾವಳಿಗೆ ಬಂದರು. ಬೇಸಾಯ ಬಲ್ಲ ಇವರಿಗೆ ಕೆಳದಿಯ ನಾಯಕರು ಆಶ್ರಯವಿತ್ತರು. ಹೊಸ ಫಸಲಿನ ಮೊದಲ ತುತ್ತನ್ನು ದೇವರಿಗೆ ಅರ್ಪಿಸುವ ಹಿರಿಯರ ರೂಢಿಯನ್ನು ಅವರು ಬಿಡಲಿಲ್ಲ. ತುಳುವರ ಪುದ್ವಾರ್, ಕೊಡವರ ಹುತ್ತರಿಗಳೂ ಇದೇ ಬಗೆಯವು. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ ವಂದನೀಯ ಜೋಕಿಂ ಮಿರಾಂದ ಸ್ವಾಮಿಗಳು ಈ ಹಬ್ಬವನ್ನು ಆರಂಭಿಸಿದರೆಂದು ಪ್ರತೀತಿ. 'ಮೊಂತೆ' ಎಂದರೆ ಗುಡ್ಡ; ಹಬ್ಬದ ಹೆಸರು ಅದರಿಂದಲೇ ಬಂದಿತು.

ಎರಡನೆಯದು ಬಲವಂತದ ಪಯಣ. 1784ರಲ್ಲಿ ಟಿಪ್ಪು ಸುಲ್ತಾನನು ಸಾವಿರಾರು ಕೆನರಾ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಅನೇಕರು ಅಲ್ಲಿಯೇ ಮಡಿದರು. 1799ರ ಬಳಿಕ ಊರಿಗೆ ಮರಳಿದವರು ಬಾಳನ್ನು ಮೊದಲಿನಿಂದ ಕಟ್ಟಬೇಕಾಯಿತು. ಹದಿನೈದು ವರ್ಷಗಳ ಈ ವಿಪತ್ತನ್ನೂ ದಾಟಿ ಹೊಸ ಅಕ್ಕಿಯ ಊಟ ಉಳಿದುಬಂದಿತು.

ಮೂರನೆಯದು ಉದ್ಯೋಗವನ್ನರಸಿ ಬೆಂಗಳೂರಿಗೆ ಬಂದ ಪಯಣ. ಸ್ವಾತಂತ್ರ್ಯಾನಂತರ ಪಶ್ಚಿಮ ಭಾಗದಲ್ಲಿ ಕಾರ್ಖಾನೆಗಳೂ ಬಡಾವಣೆಗಳೂ ಬೆಳೆದಂತೆ ಕರಾವಳಿಯ ಕುಟುಂಬಗಳು ಇಲ್ಲಿ ಬೇರೂರಿದವು. ಇಲ್ಲಿ ಅವರಿಗೆ ಗದ್ದೆಯಿಲ್ಲ. ಹಬ್ಬ ಮಾತ್ರ ಇದೆ. ಆಶೀರ್ವದಿಸಿದ ತೆನೆಯ ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿನಲ್ಲಿ ಬೆರೆಸಿ, ಪ್ರಾರ್ಥನೆಯ ನಂತರ ಮನೆಯ ಹಿರಿಯರು ಎಲ್ಲರಿಗೂ ನೀಡುವರು. ಅಂದು ಮೀನು ಮಾಂಸಗಳಿಲ್ಲ. ಬಾಳೆಲೆಯ ಮೇಲೆ ಮೂರು, ಐದು, ಏಳು ಎಂದು ಬೆಸ ಸಂಖ್ಯೆಯ ತರಕಾರಿ ಪಲ್ಯಗಳು. ಕೊನೆಗೆ ಬೆಲ್ಲ, ತೆಂಗಿನ ಹಾಲುಗಳ 'ವೊರ್ನ್' ಎಂಬ ಪಾಯಸ. ಕರಾವಳಿಯಲ್ಲಿ ಶೇಂದಿಯಿಂದ ಉಬ್ಬುತ್ತಿದ್ದ ಸಾನ್ನಾಗಳ ಹಿಟ್ಟು ನಗರದ ಅಡಿಗೆಮನೆಯಲ್ಲಿ ಯೀಸ್ಟಿನಿಂದ ಉಬ್ಬಿತು. ಪದಾರ್ಥ ಬದಲಾಯಿತು, ಪಂಕ್ತಿ ಬದಲಾಗಲಿಲ್ಲ.

ಈ ಪದ್ಧತಿಯಲ್ಲಿ ಮರೆಯಲಾಗದ ಅಂಶವೊಂದಿದೆ. ದೂರದಲ್ಲಿರುವ ಮಕ್ಕಳಿಗೆ ಕೆಲವು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವುದು ವಾಡಿಕೆ. ಊಟಕ್ಕೆ ಬಾರದವರೂ ಮನೆಯವರೇ ಎಂಬುದಕ್ಕೆ ಆ ಕಾಳುಗಳೇ ಸಾಕ್ಷಿ. ವೊರ್ನಿನ ಹದ, ಪಲ್ಯಗಳ ಲೆಕ್ಕ ಬಹುಪಾಲು ಅಜ್ಜಿಯಂದಿರ ನೆನಪಿನಲ್ಲಿಯೇ ಉಳಿದಿವೆ. ನಮ್ಮ ತರುಣ ತರುಣಿಯರು ಅವರ ಬಳಿ ಕುಳಿತು, ಕೇಳಿ, ಬರೆದಿಟ್ಟುಕೊಳ್ಳಲಿ. ಮೂರು ಪಯಣಗಳನ್ನು ದಾಟಿ ಬಂದ ಊಟವು ನಮ್ಮ ಅಲಕ್ಷ್ಯದಿಂದ ಮರೆಯಾಗದಿರಲಿ.