ಟ್ರಂಕಿನೊಳಗಿನ ಮೈಸೂರು ಸಿಲ್ಕ್

ಬಸವನಗುಡಿ ಕಡೆ ಓಡಾಡೋರಿಗೆ ಟಾಟಾ ಸಿಲ್ಕ್ ಫಾರ್ಮ್ ಅನ್ನೋ ಹೆಸರು ಗೊತ್ತಿರುತ್ತೆ. ಈಗ ಅಲ್ಲಿ ಹುಳುವೂ ಇಲ್ಲ, ಹಿಪ್ಪುನೇರಳೆ ತೋಟವೂ ಇಲ್ಲ, ಹೆಸರೊಂದೇ ಉಳಿದಿದೆ. 1890ರ ದಶಕದಲ್ಲಿ ಜಮ್‌ಷೆಟ್‌ಜಿ ಟಾಟಾ ಜಪಾನಿನಿಂದ ತಜ್ಞರನ್ನ ಕರೆಸಿ ಅಲ್ಲಿ ರೇಷ್ಮೆ ಸಾಕಣೆ ಶುರುಮಾಡಿದ್ದರು.

ಮೈಸೂರು ಸೀಮೆಯಲ್ಲಿ ಟಿಪ್ಪು ಕಾಲದಿಂದಲೂ ರೇಷ್ಮೆ ಇತ್ತು. ಆದರೆ ನಾವು ಮೈಸೂರು ಸಿಲ್ಕ್ ಅಂತ ಕರೆಯೋ ಸೀರೆಯ ಕಾರ್ಖಾನೆ ಶುರುವಾದದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಮಗ್ಗಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ಮೊದಮೊದಲು ನೇದದ್ದೆಲ್ಲ ಅರಮನೆಯವರಿಗೆ, ಸೈನ್ಯದ ಅಲಂಕಾರದ ಬಟ್ಟೆಗೆ. 1980ರಲ್ಲಿ ಕಾರ್ಖಾನೆ ಕೆಎಸ್‌ಐಸಿ ಕೈಗೆ ಬಂತು.

ಹೀಗೆ ಅರಮನೆಯಿಂದ ಹೊರಗೆ ಬಂದ ಸೀರೆ ನಮ್ಮೂರಲ್ಲಿ ನೇರ ಟ್ರಂಕು ಸೇರಿತು! ನಮ್ಮಜ್ಜಿ ಹತ್ರ ಒಂದಿತ್ತು. ಅವಳು ಉಟ್ಟದ್ದು ನನಗೆ ನೆನಪಿರೋ ಹಾಗೆ ಮೂರೇ ಸಲ. ಮಿಕ್ಕ ದಿನವೆಲ್ಲ ಹಳೇ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಇಟ್ಟಿರೋಳು. ಅವಳು ತೀರಿಕೊಂಡ ಮೇಲೆ ಬಿಚ್ಚಿ ನೋಡಿದರೆ ಮಡಿಕೆ ಬಿದ್ದಲ್ಲೆಲ್ಲ ಜರಿ ಮುರಿದಿತ್ತು, ಅಂಚು ಕಪ್ಪಾಗಿತ್ತು. ಉಟ್ಟು ಸವೆದದ್ದಲ್ಲ, ಇಟ್ಟು ಹಾಳಾದದ್ದು.

ಇದಕ್ಕೆ ಕಾರಣ ಜರಿಯಲ್ಲೇ ಇದೆ. ಕೆಎಸ್‌ಐಸಿ ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ. ಬೆಳ್ಳಿಯನ್ನ ತೆಳ್ಳಗೆ ಎಳೆದು ರೇಷ್ಮೆ ಎಳೆಗೆ ಸುತ್ತಿ, ಮೇಲೆ ಚಿನ್ನದ ಲೇಪ. ಎಷ್ಟಾದರೂ ಲೋಹ ತಾನೆ? ವರ್ಷಗಟ್ಟಲೆ ಒಂದೇ ಕಡೆ ಮಡಚಿಟ್ಟರೆ ಮುರಿಯುತ್ತೆ. ಗಾಳಿ, ತೇವ ತಾಗಿದರೆ ಬೆಳ್ಳಿ ಕಪ್ಪಾಗುತ್ತೆ. ಅದಕ್ಕೇ ತಿಳಿದವರು ಆಗಾಗ ಮಡಿಕೆ ಬದಲಿಸಿ, ಗಾಳಿಗೆ ಹಾಕಿ ಅನ್ನೋದು. ಅಷ್ಟು ತೊಂದರೆ ತಗೊಳ್ಳೋ ಬದಲು ಉಟ್ಟುಬಿಡಬಹುದಲ್ಲ! ಅದರಲ್ಲೂ ಇದು ಕ್ರೇಪ್ ಸಿಲ್ಕ್. ನೂಲನ್ನ ಬಿಗಿಯಾಗಿ ಹುರಿಮಾಡಿ ನೇಯ್ದಿರೋದರಿಂದ ಮೈಮೇಲೆ ಮೆತ್ತಗೆ ನಿಲ್ಲುತ್ತೆ, ಸುಲಭಕ್ಕೆ ಸುಕ್ಕಾಗಲ್ಲ. ದಿನವಿಡೀ ಉಟ್ಟು ಓಡಾಡೋಕೆ ಹೇಳಿ ಮಾಡಿಸಿದ ಹಾಗಿದೆ.

ಅಜ್ಜಿಯದು ಬರೀ ಜಿಪುಣತನ ಅಂತ ನನಗನ್ನಿಸಲ್ಲ. ಹಳೇ ಜರಿ ಸೀರೆ ಕೊಳ್ಳೋರು ಬೀದಿಯಲ್ಲಿ ಕೂಗಿಕೊಂಡು ಬರ್ತಿದ್ದ ಕಾಲ ಅದು. ಮಳೆ ಕೈಕೊಟ್ಟ ವರ್ಷ ಅಂಚಿನ ಬೆಳ್ಳಿಯೂ ಒಂದು ಗಂಟೇ. ತಿಂಗಳ ಕೊನೆಗೆ ಸಂಬಳ ಬರೋ ನಮ್ಮಂಥವರು ವಾರ್ಡ್‌ರೋಬಿನಲ್ಲಿ ಕವರ್ ಹಾಕಿ ನೇತುಹಾಕೋದು ಯಾವ ಬರಗಾಲಕ್ಕೋ?

ನಮ್ಮಮ್ಮ ಈಗ ತನ್ನ ಮೈಸೂರು ಸಿಲ್ಕ್ ಉಟ್ಟುಕೊಂಡು ಬ್ಯಾಂಕಿಗೂ ಹೋಗ್ತಾಳೆ. ಮೊನ್ನೆ ಫೋನಿನಲ್ಲಿ ಅಂದಳು, ಸೆರಗಿಗೆ ಸಾರು ಚೆಲ್ಲಿಕೊಂಡಳಂತೆ.