ಮುಖದ ಬಿಳಿ ಮಚ್ಚೆ: ಹೆಸರು ತಂದ ಅನರ್ಥ

ಬಾದಾಮಿ, ಹುನಗುಂದದ ಕಡೆ ಹೆಣ್ಣುಮಗಳ ಕೆನ್ನೆಯಲ್ಲಿ ಕಂದು ಕಲೆ ಮೂಡಿದರೆ ಅದು ಬಂಗು. ಬಿಸಿಲಿನ ದುಡಿಮೆಯ ಫಲವೆಂದು ಮನೆಯವರು ಸುಮ್ಮನಾಗುತ್ತಾರೆ. ಅದೇ ಜಾಗದಲ್ಲಿ ಬಿಳಿ ಮಚ್ಚೆ ಕಂಡರೆ ಮನೆಯೇ ನಡುಗುತ್ತದೆ. ನಿಶ್ಚಯವಾದ ಸಂಬಂಧ ಮುರಿಯಬಹುದು, ತಂಗಿಯ ಮದುವೆಗೂ ಅಡ್ಡಿಯಾಗಬಹುದು. ಈ ಭಯಕ್ಕೆ ರೋಗಕ್ಕಿಂತ ಹೆಸರೇ ಹೆಚ್ಚು ಕಾರಣ. ತೊನ್ನನ್ನು 'ಬಿಳಿ ಕುಷ್ಠ'ವೆನ್ನುವ ರೂಢಿಯಿಂದ ಎರಡು ಬೇರೆ ಬೇರೆ ರೋಗಗಳು ಜನರ ಮನಸ್ಸಿನಲ್ಲಿ ಒಂದಾಗಿವೆ.

ಪ್ರಾಚೀನ ವೈದ್ಯರಿಗೆ ಈ ಗೊಂದಲವಿರಲಿಲ್ಲ. ಅವರು ಅನೇಕ ಚರ್ಮರೋಗಗಳನ್ನು 'ಕುಷ್ಠ'ವೆಂದು ಕರೆದದ್ದು ನಿಜ. ಆದರೆ ಬಿಳಿ ಮಚ್ಚೆಯ 'ಕಿಲಾಸ' ಚರ್ಮಕ್ಕೆ ಮಾತ್ರ ಸೀಮಿತ, ಅದು ಸೋರುವುದಿಲ್ಲ ಎಂದು ಸುಶ್ರುತ ಸಂಹಿತೆ ಬೇರ್ಪಡಿಸಿದೆ. ನೋಡುವುದು, ಮುಟ್ಟುವುದು, ಕೇಳುವುದು ಎಂಬ ಮೂರು ಪರೀಕ್ಷೆಗಳನ್ನು ಚರಕ ಸಂಹಿತೆ ಹೇಳುತ್ತದೆ. ಯಾವುದಕ್ಕೂ ಚರ್ಮ ಕೊಯ್ಯಬೇಕಿಲ್ಲ.

ಮುಟ್ಟುವ ಪರೀಕ್ಷೆ ಇಂದಿಗೂ ಉಳಿದಿದೆ. ಕುಷ್ಠದ ರೋಗಾಣುವನ್ನು 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಗುರುತಿಸಿದ. ಅದು ನರಗಳನ್ನು ಕೆಡಿಸುವುದರಿಂದ ಮಚ್ಚೆಯ ಮೇಲೆ ಹತ್ತಿಯ ಎಳೆ ಸೋಕಿದರೂ ರೋಗಿಗೆ ತಿಳಿಯದಿರಬಹುದು. ತೊನ್ನಿನಲ್ಲಿ ಸ್ಪರ್ಶಜ್ಞಾನ ಹೋಗುವುದಿಲ್ಲ. ಆದರೆ ಮುಖದಲ್ಲಿ ನರಗಳು ದಟ್ಟವಾಗಿರುವುದರಿಂದ ಕುಷ್ಠದ ಮಚ್ಚೆಯಲ್ಲಿಯೂ ಸ್ಪರ್ಶ ಉಳಿದಿರಬಹುದು. ಹೆಚ್ಚು ಅಳುಕು ಇರುವ ಕಡೆಯೇ ಈ ಪರೀಕ್ಷೆ ಕೈಕೊಡುತ್ತದೆ.

ಇಲ್ಲಿ ನೆರವಾದದ್ದು ಬೆಳಕು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ರೂಪಿಸಿದ ವಿಶೇಷ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ತಡೆದು ನೇರಳಾತೀತ ಕಿರಣವನ್ನು ಹಾಯಿಸುತ್ತದೆ. 1925ರಿಂದ ಚರ್ಮವೈದ್ಯರು ಇದನ್ನು ಬಳಸತೊಡಗಿದರು. ಕತ್ತಲೆ ಕೋಣೆಯಲ್ಲಿ ಈ 'ವುಡ್ ದೀಪ' ಹಿಡಿದರೆ, ಬಣ್ಣ ಪೂರ್ತಿ ಅಳಿದ ತೊನ್ನಿನ ಮಚ್ಚೆ ನೀಲಿಬಿಳುಪಾಗಿ ಹೊಳೆಯುತ್ತದೆ. ಕುಷ್ಠದ ಮಚ್ಚೆಯಲ್ಲಿ ಬಣ್ಣ ಸ್ವಲ್ಪ ಉಳಿದಿರುವುದರಿಂದ ಆ ಹೊಳಪಿಲ್ಲ. ಬಂಗು ಚರ್ಮದ ಮೇಲ್ಪದರದಲ್ಲಿದ್ದರೆ ಹೆಚ್ಚು ಕಪ್ಪಾಗಿ ಕಾಣುತ್ತದೆ. ಆದರೆ ಕಪ್ಪು ಮೈಬಣ್ಣದವರಲ್ಲಿ ಈ ವ್ಯತ್ಯಾಸ ಅಷ್ಟು ಸ್ಪಷ್ಟವಲ್ಲ. ಇಷ್ಟಾದರೂ ಸಂಶಯ ಉಳಿದರೆ ಚರ್ಮದ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ.

ತೊನ್ನು ಅಂಟುರೋಗವಲ್ಲ. ಕುಷ್ಠಕ್ಕೂ ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹುವಿಧ ಔಷಧ ಚಿಕಿತ್ಸೆಯಿಂದ ಗುಣವುಂಟು. ಆದರೂ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಉಲ್ಬಣಗೊಂಡ, ವಾಸಿಯಾಗದ ಕುಷ್ಠ ವಿಚ್ಛೇದನಕ್ಕೆ ಕಾರಣವಾಗಿ ಉಳಿದಿತ್ತು. ಅದನ್ನು ತೆಗೆದದ್ದು 2019ರ ತಿದ್ದುಪಡಿ. ಕಾನೂನಿನ ಪುಟದಿಂದ ಹೋದ ಕಳಂಕ ಆಡುಮಾತಿನಿಂದಲೂ ಹೋಗಬೇಕಾದರೆ, ಕೆನ್ನೆಯ ಮಚ್ಚೆಗೆ ಹೆಸರಿಡುವ ಕೆಲಸವನ್ನು ನೆರೆಹೊರೆಯವರು ವೈದ್ಯರಿಗೇ ಬಿಡಬೇಕು.